ಸೆರೆಮನೆಯ ಸಂದರ್ಶಕ ಪುಸ್ತಕ

ಮೈಸೂರಿನ ಪ್ರಾಚ್ಯ ಪುಸ್ತಕಭಂಡಾರದಲ್ಲಿ 1905ರಲ್ಲಿ ಓಲೆಗರಿಯ ಕಟ್ಟೊಂದರೊಳಗೆ ಕೌಟಿಲ್ಯನ ಅರ್ಥಶಾಸ್ತ್ರವನ್ನು ಗುರುತಿಸಿ, 1909ರಲ್ಲಿ ಅದನ್ನು ಅಚ್ಚಿಗೆ ತಂದು ಲೋಕಕ್ಕೆ ಕೊಟ್ಟ ರುದ್ರಪಟ್ಟಣದ ಶಾಮಾಶಾಸ್ತ್ರಿಗಳನ್ನು ನಾವು ಸಾಮಾನ್ಯವಾಗಿ ನೆನೆಯುವುದು ಸಂಧಿ, ವಿಗ್ರಹ, ಬೊಕ್ಕಸ, ಗೂಢಚಾರರು ಎಂಬ ರಾಜನೀತಿಯ ಪ್ರಸ್ತಾಪ ಬಂದಾಗ. ಅದೇ ಗ್ರಂಥದ ನಾಲ್ಕನೆಯ ಅಧಿಕರಣದಲ್ಲಿ ಬಂಧನಾಗಾರದ ಅಧ್ಯಕ್ಷನಿಗೆ ವಿಧಿಸತಕ್ಕ ದಂಡಗಳ ಪಟ್ಟಿಯೊಂದಿದೆಯೆಂಬುದು ಅಷ್ಟಾಗಿ ಪ್ರಚಾರಕ್ಕೆ ಬಂದಿಲ್ಲ. ಕಾರಣವನ್ನು ತಿಳಿಸದೆ ಒಬ್ಬನನ್ನು ಕೂಡಿಹಾಕಿದರೆ 24 ಪಣ. ಯಾತನೆಗೆ ಗುರಿಮಾಡಿದರೆ ಅದರ ಇಮ್ಮಡಿ. ಅನ್ನೋದಕಗಳನ್ನು ತಡೆದರೆ 96 ಪಣ. ಹೊಡೆದು ಕೊಂದರೆ 1000 ಪಣ. ಮನುಷ್ಯನ ಪ್ರಾಣಕ್ಕೆ ಪಣಗಳಲ್ಲಿ ಬೆಲೆ ಕಟ್ಟಿದುದನ್ನು ಕಂಡು ಇಂದಿನವರು ಮೂಗುಮುರಿಯಬಹುದು. ಆದರೆ ಸೆರೆಗೆ ಬಿದ್ದವನಿಗೂ ಅರಸನ ನ್ಯಾಯದಲ್ಲಿ ಒಂದು ಪಾಲುಂಟೆಂದೂ, ಕಾವಲುಗಾರನೂ ತಪ್ಪಿತಸ್ಥನಾಗಬಲ್ಲನೆಂದೂ ಒಪ್ಪಿಕೊಂಡ ಮನಸ್ಸು ಆ ಪಟ್ಟಿಯ ಹಿಂದಿದೆ.

ತಪ್ಪಿಗೆ ದಂಡವನ್ನು ಗೊತ್ತುಮಾಡುವುದು ಸುಲಭ. ಆ ತಪ್ಪು ನಡೆದ ವರ್ತಮಾನ ಗೋಡೆಯ ಹೊರಕ್ಕೆ ಬರುವುದು ಹೇಗೆಂಬುದೇ ಕಠಿಣವಾದ ಪ್ರಶ್ನೆ. ಕೌಟಿಲ್ಯನು ಆ ಕೆಲಸವನ್ನು ಸಮಾಹರ್ತೃವಿಗೂ ಪ್ರದೇಷ್ಟೃಗಳಿಗೂ ಒಪ್ಪಿಸಿದನು. ಎಂದರೆ ಅರಸನ ಒಬ್ಬ ಆಳಿನ ಮೇಲೆ ಅರಸನ ಇನ್ನೊಬ್ಬ ಆಳನ್ನು ಕಾವಲಿಟ್ಟನು. ಅರಸೊತ್ತಿಗೆಯ ಕಾಲದಲ್ಲಿ ಬೇರೆ ಉಪಾಯವಿದ್ದಿರಲಾರದು. ಪ್ರಜಾರಾಜ್ಯದಲ್ಲಾದರೋ ಬಂದಿಯೂ ಅಲ್ಲದ, ಅಧಿಕಾರಿಯೂ ಅಲ್ಲದ ಮೂರನೆಯವನೊಬ್ಬನಿದ್ದಾನೆ. ಬಂಧನ ನಡೆಯುವುದು ಅವನ ಹೆಸರಿನಲ್ಲಿ, ಅವನ ಕ್ಷೇಮಕ್ಕಾಗಿ, ಅವನ ತೆರಿಗೆಯ ಹಣದಿಂದ. ತನ್ನ ಹೆಸರಿನಲ್ಲಿ ನಡೆಯುವುದನ್ನು ಕಣ್ಣಾರೆ ಕಾಣುವ ಅಧಿಕಾರ ಅವನಿಗಿಲ್ಲವೆಂದರೆ, ಆ ರಾಜ್ಯಕ್ಕೂ ಕೌಟಿಲ್ಯನ ರಾಜ್ಯಕ್ಕೂ ಈ ಒಂದು ವಿಷಯದಲ್ಲಿ ಹೆಚ್ಚಿನ ಭೇದವನ್ನು ಕಲ್ಪಿಸುವುದು ಕಷ್ಟ.

ಆ ಅಧಿಕಾರವನ್ನು ಇನ್ನು ಹೊಸದಾಗಿ ಬೇಡಿ ಪಡೆಯಬೇಕಾಗಿಲ್ಲ. ಅದು ಆಗಲೇ ನಮ್ಮ ಕೈಯಲ್ಲಿದೆ. ಈ ಲೇಖನದಲ್ಲಿ ನಾನು ಹೇಳಬಯಸುವುದು ಮುಖ್ಯವಾಗಿ ಇಷ್ಟನ್ನೇ. 1894ರ ಕಾರಾಗೃಹ ಅಧಿನಿಯಮವು ವಿದೇಶೀ ಪ್ರಭುತ್ವ ತನ್ನ ಅನುಕೂಲಕ್ಕೆ ಮಾಡಿಕೊಂಡ ಕಾನೂನು. ಬಂದಿಯ ವಿಷಯದಲ್ಲಿ ಅದು ಉದಾರವಾದುದೆಂದು ಯಾರೂ ಹೇಳರು. ಹಾಗಿದ್ದರೂ ಅದರ 59ನೆಯ ಕಲಮಿನಲ್ಲಿ, ಸೆರೆಮನೆಗಳಿಗೆ ಸಂದರ್ಶಕರನ್ನು ನೇಮಿಸುವ ನಿಯಮಗಳನ್ನು ರಚಿಸುವ ಅಧಿಕಾರವೂ ಸೇರಿಕೊಂಡಿತು. ಅದರ ನೆರಳಿನಲ್ಲಿ ಹುಟ್ಟಿದ ಜೈಲು ಕೈಪಿಡಿಗಳು ಸಂದರ್ಶಕರನ್ನು ಎರಡು ವರ್ಗಗಳಾಗಿ ವಿಂಗಡಿಸಿದವು: ಜಿಲ್ಲಾ ನ್ಯಾಯಾಧೀಶರು, ಜಿಲ್ಲಾಧಿಕಾರಿಗಳು ಮೊದಲಾದ ಅಧಿಕೃತರು ಒಂದು ಕಡೆ, ಸರ್ಕಾರದ ಸಂಬಳವಿಲ್ಲದ, ಊರಿನ ಗಣ್ಯರೆನಿಸಿದ ಅನಧಿಕೃತ ಸಂದರ್ಶಕರು ಇನ್ನೊಂದು ಕಡೆ. ಈ ಅನಧಿಕೃತನು ಒಳಹೊಕ್ಕು ಕೋಣೆಗಳನ್ನೂ ಅಡಿಗೆಮನೆಯನ್ನೂ ಆಸ್ಪತ್ರೆಯನ್ನೂ ನೋಡಬಹುದು; ಬಂದಿಗಳ ಅಹವಾಲನ್ನು ಕೇಳಬಹುದು; ಕಂಡುದನ್ನು ಸಂದರ್ಶಕ ಪುಸ್ತಕದಲ್ಲಿ ಬರೆಯಬಹುದು. ಬರೆದುದರ ಪ್ರತಿಯನ್ನು ಅಧೀಕ್ಷಕರು ತಮ್ಮ ಸಮಜಾಯಿಷಿಯೊಡನೆ ಮೇಲಧಿಕಾರಿಗೆ ಕಳುಹಿಸತಕ್ಕದ್ದು. 2016ರ ಮಾದರಿ ಕಾರಾಗೃಹ ಕೈಪಿಡಿಯೂ ಈ ಸಂದರ್ಶಕ ಮಂಡಳಿಯನ್ನು ಉಳಿಸಿಕೊಂಡಿದೆ. ಆದರೆ ವ್ಯವಹಾರದಲ್ಲಿ ಈ ಸ್ಥಾನಗಳು ಅನೇಕ ಕಡೆ ಖಾಲಿ ಬಿದ್ದಿರುತ್ತವೆ; ತುಂಬಿದ ಕಡೆಯಲ್ಲಿಯೂ ಅವು ಚುನಾವಣೆಯಲ್ಲಿ ದುಡಿದವರಿಗೆ ಹಂಚುವ ಸಣ್ಣ ಮರ್ಯಾದೆಗಳ ಸಾಲಿಗೆ ಸೇರಿಹೋಗುತ್ತವೆ. ಸ್ವಾತಂತ್ರ್ಯ ದಿನದಂದು ಸಿಹಿ ಹಂಚಿ, ಪಟ ತೆಗೆಸಿಕೊಂಡು, ಪುಸ್ತಕದಲ್ಲಿ ವ್ಯವಸ್ಥೆ ತೃಪ್ತಿಕರವೆಂದು ಒಂದು ಸಾಲು ಬರೆದು ಬರುವ ಸಂದರ್ಶಕನಿಗಿಂತ, ಸಂದರ್ಶಕನೇ ಇಲ್ಲದಿರುವುದು ಲೇಸು. ಕಡೆಯ ಪಕ್ಷ ಆಗ ಸುಳ್ಳು ಸಾಕ್ಷ್ಯವಾದರೂ ಹುಟ್ಟುವುದಿಲ್ಲ.

ಒಳಗಿರುವವರು ಯಾರೆಂಬುದನ್ನೂ ನೋಡಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಸಂಸ್ಥೆಯ ಲೆಕ್ಕದಂತೆ 2022ರ ಡಿಸೆಂಬರ್ 31ರಂದು ಭಾರತದ ಸೆರೆಮನೆಗಳಲ್ಲಿ 5,73,220 ಮಂದಿ ಇದ್ದರು. ಅವರಲ್ಲಿ 4,34,302 ಮಂದಿ, ಎಂದರೆ ನಾಲ್ಕರಲ್ಲಿ ಮೂರು ಪಾಲು, ವಿಚಾರಣಾಧೀನರು. ನೂರು ಜನರ ಸ್ಥಳದಲ್ಲಿ ಸರಾಸರಿ 131 ಜನ. ಸೆರೆಮನೆಯೆಂದರೆ ಅಪರಾಧಿಗಳ ಮನೆಯೆಂಬ ಕಲ್ಪನೆ ನಮ್ಮ ಮಾತಿನಲ್ಲಿ ಎಷ್ಟು ಬೇರೂರಿದ್ದರೂ, ವಾಸ್ತವದಲ್ಲಿ ಅದು ಹೆಚ್ಚಾಗಿ ಇನ್ನೂ ತೀರ್ಪಾಗದವರ, ಕಾನೂನಿನ ದೃಷ್ಟಿಯಲ್ಲಿ ನಿರ್ದೋಷಿಗಳಾದವರ ಮನೆ. ಅವರಲ್ಲಿ ಬಹುಮಂದಿಗೆ ಜಾಮೀನು ಆದೇಶ ದೊರೆತರೂ ಜಾಮೀನುದಾರ ದೊರೆಯುವುದಿಲ್ಲ. ಪಹಣಿ ತರಲು ಹೊಲವಿಲ್ಲ, ಕೈಹಿಡಿಯಲು ಬಂಧುವಿಲ್ಲ.

ಹೊರಗಿನ ಕಣ್ಣೊಂದು ಒಳಗೆ ಬಿದ್ದಾಗ ಏನಾಗಬಹುದೆಂಬುದಕ್ಕೆ ನಮ್ಮ ನ್ಯಾಯಾಂಗದ ಚರಿತ್ರೆಯಲ್ಲಿ 1979ನೆಯ ವರ್ಷ ಒಂದು ದೊಡ್ಡ ಪಾಠ. ಆ ಜನವರಿಯಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗದ ಸದಸ್ಯರಾಗಿದ್ದ ಕೆ. ಎಫ್. ರುಸ್ತುಂಜಿ ಅವರು ಬಿಹಾರದ ಸೆರೆಮನೆಗಳನ್ನು ನೋಡಿ, ಸಣ್ಣ ಸಣ್ಣ ಆಪಾದನೆಗಳ ಮೇಲೆ ವರ್ಷಗಟ್ಟಲೆ ವಿಚಾರಣೆಯೇ ಇಲ್ಲದೆ ಕೊಳೆಯುತ್ತಿದ್ದವರ ವಿಷಯವಾಗಿ ಇಂಡಿಯನ್ ಎಕ್ಸ್‌ಪ್ರೆಸ್ ಪತ್ರಿಕೆಯಲ್ಲಿ ಬರೆದರು. ಪುಷ್ಪಾ ಕಪಿಲಾ ಹಿಂಗೋರಾನಿ ಎಂಬ ವಕೀಲೆ ಆ ಬರಹವನ್ನೇ ಆಧಾರವಾಗಿಟ್ಟುಕೊಂಡು ಸರ್ವೋಚ್ಚ ನ್ಯಾಯಾಲಯದ ಬಾಗಿಲನ್ನು ತಟ್ಟಿದರು. ಹುಸೇನಾರಾ ಖಾತೂನ್ ಪ್ರಕರಣವೆಂದು ಹೆಸರಾದ ಆ ದಾವೆಯಲ್ಲಿ, ತ್ವರಿತ ವಿಚಾರಣೆಯು ಸಂವಿಧಾನದ 21ನೆಯ ವಿಧಿಯ ಅಂಗವೆಂಬ ಸಿದ್ಧಾಂತ ಸ್ಥಾಪಿತವಾಯಿತು. ಅದರ ಫಲವಾಗಿ ಹೊರಬಂದವರ ಸಂಖ್ಯೆಯನ್ನು ಸಾವಿರಗಳಲ್ಲಿ ಎಣಿಸಬೇಕಾಯಿತು. ರುಸ್ತುಂಜಿಯವರು ಸ್ವತಃ ಪೊಲೀಸ್ ಇಲಾಖೆಯಲ್ಲಿ ಬೆಳೆದವರೆಂಬುದು ಇಲ್ಲಿ ಗಮನಾರ್ಹ. ನೋಡುವವನು ಶತ್ರುವೇ ಆಗಿರಬೇಕೆಂಬ ನಿಯಮವೇನೂ ಇಲ್ಲ.

ಅದೇ ವರ್ಷದ ಕೊನೆಯಲ್ಲಿ ಇನ್ನೊಂದು. ದೆಹಲಿಯ ತಿಹಾರ್ ಸೆರೆಮನೆಯಲ್ಲಿ ಮರಣದಂಡನೆಗೆ ಗುರಿಯಾಗಿದ್ದ ಸುನಿಲ್ ಬಾತ್ರಾ ಎಂಬ ಬಂದಿ, ತನ್ನ ಸಂಕಟವನ್ನಲ್ಲ, ಪಕ್ಕದ ಇನ್ನೊಬ್ಬ ಬಂದಿಯ ಸಂಕಟವನ್ನು ಕುರಿತು ಸರ್ವೋಚ್ಚ ನ್ಯಾಯಾಲಯದ ನ್ಯಾಯಾಧೀಶರಿಗೆ ಒಂದು ಕಾಗದ ಬರೆದನು: ಬಂಧುಗಳಿಂದ ಹಣ ಕೀಳುವ ಉದ್ದೇಶದಿಂದ ವಾರ್ಡರ್ ಒಬ್ಬನು ಆ ಬಂದಿಯ ದೇಹದ ಮೇಲೆ ಹೇಳಬಾರದ ಕ್ರೌರ್ಯ ನಡೆಸಿದ್ದಾನೆಂದು. ನ್ಯಾಯಾಲಯವು ಆ ಕಾಗದವನ್ನೇ ಹೇಬಿಯಸ್ ಕಾರ್ಪಸ್ ಅರ್ಜಿಯೆಂದು ಅಂಗೀಕರಿಸಿತು. ಅಷ್ಟಕ್ಕೇ ನಿಲ್ಲದೆ, ಡಾ. ವೈ. ಎಸ್. ಚಿತಳೆ, ಮುಕುಲ್ ಮುದ್ಗಲ್ ಎಂಬ ಇಬ್ಬರು ವಕೀಲರನ್ನು ನ್ಯಾಯಾಲಯದ ಮಿತ್ರರನ್ನಾಗಿ ನೇಮಿಸಿ, ಸೆರೆಮನೆಯ ಒಳಕ್ಕೆ ಹೋಗಿ ಆ ಬಂದಿಯನ್ನು ಕಂಡು, ದಾಖಲೆಗಳನ್ನು ನೋಡಿ, ಸಾಕ್ಷಿಗಳನ್ನು ಮಾತನಾಡಿಸಿ ಬರುವಂತೆ ಅಧಿಕಾರವಿತ್ತು ಕಳುಹಿಸಿತು. ಗಾಯಕ್ಕೆ ಸೆರೆಮನೆಯವರು ಬೇರೆ ಕಾರಣಗಳನ್ನು ಹೇಳಿದ್ದರು. ಹೊರಗಿನಿಂದ ಹೋದ ಇಬ್ಬರ ವರದಿಯ ಮುಂದೆ ಆ ಕಾರಣಗಳು ನಿಲ್ಲಲಿಲ್ಲ. 1979ರ ಡಿಸೆಂಬರ್ 20ರಂದು ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರು ಕೊಟ್ಟ ತೀರ್ಪಿನಲ್ಲಿ, ನ್ಯಾಯಾಧೀಶರೂ ಜಿಲ್ಲಾ ದಂಡಾಧಿಕಾರಿಗಳೂ ಸೆರೆಮನೆಗಳನ್ನು ಸ್ವತಃ ಅಥವಾ ಪ್ರತಿನಿಧಿಗಳ ಮೂಲಕ ಸಂದರ್ಶಿಸತಕ್ಕದ್ದೆಂದೂ, ನಾಮನಿರ್ದೇಶಿತ ವಕೀಲರು ಬಂದಿಗಳನ್ನು ಗೋಪ್ಯವಾಗಿ ಕಾಣಲು ಅವಕಾಶವಿರತಕ್ಕದ್ದೆಂದೂ, ಅಹವಾಲು ಪೆಟ್ಟಿಗೆಗಳನ್ನು ಇಡತಕ್ಕದ್ದೆಂದೂ ಆಜ್ಞೆಯಾಯಿತು. ಪೆಟ್ಟಿಗೆಯನ್ನಿಡುವುದು ಮರಗೆಲಸದವನಿಂದ ಆಗುವ ಕಾರ್ಯ; ಅದರ ಬೀಗದ ಕೈ ಯಾರ ಬಳಿ ಇರುತ್ತದೆಂಬುದರಲ್ಲಿ ಅದರ ಸಾರ್ಥಕ್ಯವೆಲ್ಲ ಅಡಗಿದೆ.

ಸೆರೆಮನೆಗಿಂತ ಮೊದಲಿನದು ಪೊಲೀಸ್ ಠಾಣೆಯ ಲಾಕಪ್ಪು, ಕತ್ತಲು ಹೆಚ್ಚಾಗಿರುವುದೂ ಅಲ್ಲಿಯೇ. ಪಶ್ಚಿಮ ಬಂಗಾಳದ ಕಾನೂನು ನೆರವು ಸಂಸ್ಥೆಯೊಂದರ ಮುಖ್ಯಸ್ಥರಾಗಿದ್ದ ಡಿ. ಕೆ. ಬಸು ಅವರು ಠಾಣೆಗಳಲ್ಲಿನ ಸಾವುಗಳ ಪತ್ರಿಕಾವರದಿಗಳನ್ನು ಕುರಿತು 1986ರಲ್ಲಿ ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದ ಕಾಗದಕ್ಕೆ, 1996ರ ಡಿಸೆಂಬರಿನಲ್ಲಿ ಹನ್ನೊಂದು ನಿರ್ದೇಶಗಳ ರೂಪದಲ್ಲಿ ಉತ್ತರ ಬಂದಿತು. ಬಂಧಿಸುವಾಗ ಸ್ಥಳದಲ್ಲಿಯೇ ಪತ್ರವೊಂದನ್ನು ಬರೆಯಬೇಕು. ಬಂಧಿತನ ಮನೆಯವರಾಗಲಿ, ಆ ಪ್ರದೇಶದ ಗೌರವಸ್ಥರೊಬ್ಬರಾಗಲಿ ಅದಕ್ಕೆ ಸಾಕ್ಷಿ ಹಾಕಬೇಕು. ಬಂಧುವಿಗೋ ಸ್ನೇಹಿತನಿಗೋ ಸುದ್ದಿ ಮುಟ್ಟಬೇಕು. 48 ಗಂಟೆಗೊಮ್ಮೆ ವೈದ್ಯಪರೀಕ್ಷೆಯಾಗಬೇಕು. ಇವುಗಳಲ್ಲಿ ಕೆಲವು ಮುಂದೆ ಕಾನೂನಿನ ಕಲಮುಗಳೇ ಆದವು. ಗೌರವಸ್ಥ ಸಾಕ್ಷಿಯ ಈ ಒಂದು ನಿಯಮದ ಮೂಲಕ ಕಾನೂನು ಸಾಮಾನ್ಯ ಪೌರನನ್ನು ಬಂಧನದ ಕ್ಷಣಕ್ಕೇ ಕರೆದು ನಿಲ್ಲಿಸಿದೆ. ಆದರೆ ಪಂಚನಾಮೆಗಳ ಅನುಭವವಿದ್ದವರೆಲ್ಲ ಬಲ್ಲರು, ಠಾಣೆಯ ಮುಂದಿನ ಚಹದಂಗಡಿಯಲ್ಲಿ ಸದಾ ಸಿಗುವ ಕಾಯಂ ಪಂಚರೆಂಬ ಒಂದು ಜಾತಿಯುಂಟೆಂದು. ಬೀದಿಯ ಗೌರವಸ್ಥರಾದ ನಾವು ಕೋರ್ಟಿಗೆ ಅಲೆಯುವ ಗೋಳು ಬೇಡವೆಂದು ಬಾಗಿಲು ಮುಚ್ಚಿಕೊಂಡ ದಿನದಿಂದ ಆ ಜಾತಿ ಬೆಳೆಯಿತು. 2015ರಲ್ಲಿ ಅದೇ ಬಸು ಪ್ರಕರಣ ಮತ್ತೆ ವಿಚಾರಣೆಗೆ ಬಂದಾಗ, ಸೆರೆಮನೆಗಳಿಗೆ ಮಾತ್ರವಲ್ಲದೆ ಪೊಲೀಸ್ ಠಾಣೆಗಳಿಗೂ ಅನಧಿಕೃತ ಸಂದರ್ಶಕರನ್ನು ನೇಮಿಸುವ ವಿಷಯವನ್ನು ರಾಜ್ಯಗಳು ಪರಿಶೀಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ಹೇಳಿತು. 2020ರಲ್ಲಿ ಠಾಣೆ ಠಾಣೆಗೂ ಸಿಸಿಟಿವಿ ಕ್ಯಾಮೆರಾ ಹಾಕಬೇಕೆಂಬ ಆಜ್ಞೆಯಾಯಿತು. ಕ್ಯಾಮೆರಾ ಒಳ್ಳೆಯದೇ, ಆದರೆ ಬೇಕಾದ ದಿನ ಅದು ಕೆಟ್ಟಿರುವ ವಿಚಿತ್ರ ಗುಣವನ್ನೂ ನಾವು ಕಂಡಿದ್ದೇವೆ. ಮನುಷ್ಯನ ಕಣ್ಣಿಗೆ ಆ ನೆವ ಸಲ್ಲದು.

ಕಣ್ಣುಗಳನ್ನೆಲ್ಲ ಒಮ್ಮೆಗೇ ಮುಚ್ಚಿಸಿದ ತುರ್ತುಪರಿಸ್ಥಿತಿಯ ಕಾಲವನ್ನು ಕನ್ನಡಿಗರು ಹತ್ತಿರದಿಂದ ನೋಡಿದವರು. ಬೆಂಗಳೂರಿನ ಈಗಿನ ಸ್ವಾತಂತ್ರ್ಯ ಉದ್ಯಾನವು ಹಿಂದೆ ಕೇಂದ್ರ ಕಾರಾಗೃಹವಾಗಿತ್ತು. ಸಂಸ್ಕಾರ ಚಿತ್ರದಲ್ಲಿ ಚಂದ್ರಿಯಾಗಿ ನಟಿಸಿದ ಸ್ನೇಹಲತಾ ರೆಡ್ಡಿ 1976ರ ಮೇ ತಿಂಗಳಲ್ಲಿ ಬಂಧಿತರಾಗಿ, ಮೀಸಾ ಎಂಬ ಆಂತರಿಕ ಭದ್ರತಾ ಶಾಸನದ ಅಡಿಯಲ್ಲಿ ಯಾವ ವಿಚಾರಣೆಯೂ ಇಲ್ಲದೆ ಅಲ್ಲಿ ತಿಂಗಳುಗಟ್ಟಲೆ ಇದ್ದರು. ಅವರಿಗೆ ಉಬ್ಬಸವಿತ್ತು. 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಬಂದು, ಕೆಲವೇ ದಿನಗಳಲ್ಲಿ, 20ನೆಯ ತಾರೀಕು ತೀರಿಕೊಂಡರು. ಅವರು ಒಳಗೆ ಬರೆದಿಟ್ಟ ದಿನಚರಿ ಅನಂತರ ಅಚ್ಚಾಯಿತು. ಸಂದರ್ಶಕನೊಬ್ಬ ಆ ದಿನಗಳಲ್ಲಿ ಬಂದು ಉಬ್ಬಸದ ರೋಗಿಯನ್ನು ಕಂಡು ಪುಸ್ತಕದಲ್ಲಿ ಒಂದು ಸಾಲು ಬರೆದಿದ್ದರೆ ಅವರು ಉಳಿಯುತ್ತಿದ್ದರೇ? ಹಾಗೆಂದು ಹೇಳುವ ಧೈರ್ಯ ನನಗಿಲ್ಲ. ಬದುಕುವ ಹಕ್ಕಿಗಾಗಿಯೂ ನ್ಯಾಯಾಲಯದ ಮೊರೆಹೋಗುವಂತಿಲ್ಲವೆಂದು 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯದ ಬಹುಮತವೇ ಹೇಳಿದ್ದ ಕಾಲ ಅದು. ಭಿನ್ನಮತ ಬರೆದವರು ಎಚ್. ಆರ್. ಖನ್ನಾ ಒಬ್ಬರೇ. ನೋಡಬೇಕಾದವರಲ್ಲಿ ಅನೇಕರು ತಾವೇ ಒಳಗಿದ್ದರು. ನೋಡುವ ಅಭ್ಯಾಸವೆಂಬುದು ಶಾಂತಿಯ ದಿನಗಳಲ್ಲಿ, ಸಾಮಾನ್ಯ ಕಳವಿನ ಆರೋಪಿಗಳ ವಿಷಯದಲ್ಲಿ, ಬೇಸರ ತರಿಸುವಷ್ಟು ನಿಯತವಾಗಿ ನಡೆದು ಬೇರುಬಿಟ್ಟಿದ್ದರೆ ಮಾತ್ರ ಅಂಥ ದಿನಗಳಲ್ಲಿ ಅದನ್ನು ಕಿತ್ತೊಗೆಯುವುದು ಕಷ್ಟವಾಗುತ್ತದೆ. ಜವಾಹರಲಾಲರು 1936ರಲ್ಲಿ ರವೀಂದ್ರನಾಥರನ್ನು ಗೌರವಾಧ್ಯಕ್ಷರನ್ನಾಗಿ ಮಾಡಿಕೊಂಡು ಕಟ್ಟಿದ ಪೌರಸ್ವಾತಂತ್ರ್ಯ ಸಂಘವು, ಸ್ವರಾಜ್ಯ ಬಂದ ಮೇಲೆ ಇನ್ನೇಕೆ ಎಂಬ ಭಾವನೆಗೆ ಸಿಕ್ಕಿ ಮಂಕಾಯಿತು. 1976ರಲ್ಲಿ ಜಯಪ್ರಕಾಶರು ಆ ಕೆಲಸವನ್ನು ಮೊದಲಿನಿಂದ ಆರಂಭಿಸಬೇಕಾಯಿತು.

ಒಳಹೋಗುವ ಅವಕಾಶವಿಲ್ಲದಾಗ ಬಾಗಿಲ ಹೊರಗೆ ನಿಂತರೂ ಅದು ಸಾಕ್ಷ್ಯವೇ. 1975ರ ಡಿಸೆಂಬರ್ 10ರಂದು ಓಸ್ಲೋ ನಗರದಲ್ಲಿ ಸೋವಿಯತ್ ದೇಶದ ಭಿನ್ನಮತೀಯ ವಿಜ್ಞಾನಿ ಆಂದ್ರೇ ಸಖಾರೋವರ ಪರವಾಗಿ ಅವರ ಪತ್ನಿ ನೊಬೆಲ್ ಶಾಂತಿ ಪಾರಿತೋಷಕವನ್ನು ಸ್ವೀಕರಿಸುತ್ತಿದ್ದಾಗ, ಸಖಾರೋವರು ಲಿಥುವೇನಿಯದ ವಿಲ್ನಿಯಸ್ ಪಟ್ಟಣದ ನ್ಯಾಯಾಲಯದ ಮುಂದೆ ಇದ್ದರು. ಸೋವಿಯತ್ ದೇಶದ ಬಂಧನಗಳನ್ನೂ ವಿಚಾರಣೆಗಳನ್ನೂ ಗುಟ್ಟಾಗಿ ಬೆರಳಚ್ಚು ಮಾಡಿ ದಾಖಲಿಸುತ್ತಿದ್ದ ಪತ್ರಿಕೆಯ ಸಂಪಾದಕರಲ್ಲಿ ಒಬ್ಬರಾದ ಸೆರ್ಗೇಯ್ ಕೊವಲ್ಯೋವರ ವಿಚಾರಣೆ ಒಳಗೆ ನಡೆಯುತ್ತಿತ್ತು; ಮಿತ್ರರನ್ನು ಒಳಬಿಡಲಿಲ್ಲ. ಕೊವಲ್ಯೋವರಿಗೆ ಏಳು ವರ್ಷಗಳ ಶಿಬಿರವಾಸವೂ ಮೂರು ವರ್ಷಗಳ ಗಡೀಪಾರೂ ಆಯಿತು. ತೀರ್ಪನ್ನು ಬದಲಿಸಲಾಗಲಿಲ್ಲ; ಆದರೆ ಅದು ಯಾರ ಕಣ್ಣಿಗೂ ಬೀಳದೆ ನಡೆದುಹೋಗಲಿಲ್ಲ.

ನಮ್ಮಲ್ಲಿ ನ್ಯಾಯಾಲಯದ ಬಾಗಿಲು ತೆರೆದೇ ಇದೆ. ವಿಚಾರಣೆ ನಡೆಯುವ ಸ್ಥಳ ಸಾರ್ವಜನಿಕರಿಗೆ ತೆರೆದಿರತಕ್ಕದ್ದೆಂಬುದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 327ನೆಯ ಕಲಮಿನಲ್ಲಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 366ರಲ್ಲಿಯೂ ಇದೆ. ಅತ್ಯಾಚಾರದಂಥ ಕೆಲವು ಪ್ರಕರಣಗಳಿಗೆ ಮಾತ್ರ ವಿನಾಯಿತಿ; ಅದು ನ್ಯಾಯವಾದುದೇ. ಆದರೂ ಮ್ಯಾಜಿಸ್ಟ್ರೇಟರ ಮುಂದೆ ಬಂಧಿತನನ್ನು ಮೊದಲ ಬಾರಿಗೆ ತಂದು ನಿಲ್ಲಿಸುವ ರಿಮ್ಯಾಂಡಿನ ಹೊತ್ತಿನಲ್ಲಿ ಅಲ್ಲಿ ಕುಳಿತು ನೋಡುವವರು ಯಾರು? ಕೆಲವೇ ನಿಮಿಷಗಳ ಆ ವ್ಯವಹಾರದಲ್ಲಿ ಎಷ್ಟೊಂದು ಪ್ರಶ್ನೆಗಳು ಅಡಕವಾಗಿವೆ! ಇಪ್ಪತ್ತನಾಲ್ಕು ಗಂಟೆಗಳೊಳಗೆ ತಂದರೇ, ಬಂಧನದ ಕಾರಣವನ್ನು ಅವನಿಗೆ ತಿಳಿಯುವ ಭಾಷೆಯಲ್ಲಿ ಹೇಳಿದರೇ, ಮೈಮೇಲೆ ಗಾಯವಿದೆಯೇ ಎಂದು ಮ್ಯಾಜಿಸ್ಟ್ರೇಟರು ಕೇಳಿದರೇ, ಅವನ ಪಕ್ಕದಲ್ಲಿ ವಕೀಲನೊಬ್ಬ ಇದ್ದನೇ. ಮೊದಲ ಹಾಜರಿಯಿಂದಲೇ ಸರ್ಕಾರದ ವೆಚ್ಚದಲ್ಲಿ ವಕೀಲನನ್ನು ಒದಗಿಸಬೇಕೆಂದು ಭಾಗಲ್ಪುರದ ಕಣ್ಣು ಕಳೆದ ಬಂದಿಗಳ ಪ್ರಕರಣದಲ್ಲಿ ತೀರ್ಮಾನವಾಗಿ ನಾಲ್ಕು ದಶಕಗಳು ಸಂದಿವೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಯಲ್ಲಿ, ಹದಿನೈದು ದಿನಗಳ ಪೊಲೀಸ್ ವಶವನ್ನು ಮೊದಲ 40 ಅಥವಾ 60 ದಿನಗಳ ಅವಧಿಯಲ್ಲಿ ಬಿಡಿಬಿಡಿಯಾಗಿಯೂ ಕೇಳಲು ಅವಕಾಶ ಕಲ್ಪಿಸಿದೆ. ಸೆರೆಮನೆಗೆ ಹೋದವನು ಮತ್ತೆ ಠಾಣೆಗೆ ಮರಳಬಹುದೆಂಬ ಈ ಭಯ ಹೊಸದು. ನ್ಯಾಯಾಂಗ ಬಂಧನದ ಮುಂದುವರಿಕೆಯೋ ಈಗ ಬಹುಮಟ್ಟಿಗೆ ವಿಡಿಯೊ ಪರದೆಯ ಮೇಲೆ ನಡೆಯುತ್ತದೆ. ಕುಂಟುವ ಕಾಲು ಪರದೆಯಲ್ಲಿ ಕಾಣುವುದಿಲ್ಲ, ಹಿಂದೆ ನಿಂತ ವಾರ್ಡರೂ ಕಾಣುವುದಿಲ್ಲ.

ಇದೆಲ್ಲ ಅಪರಾಧಿಗಳ ಪಕ್ಷ ವಹಿಸುವ ಕೆಲಸ, ಅನ್ಯಾಯಕ್ಕೊಳಗಾದವರಿಗೆ ಹಕ್ಕಿಲ್ಲವೇ ಎಂದು ಕೇಳುವವರುಂಟು. ಅವರ ಕೋಪ ನಿಷ್ಕಾರಣವಾದುದಲ್ಲ. ಆದರೆ ವೀಕ್ಷಕನಿಗೆ ಸಂಬಂಧಪಟ್ಟುದು ವಿಧಾನವೇ ಹೊರತು ತೀರ್ಪಲ್ಲ; ಮೇಲಾಗಿ ಅವನ ಕಣ್ಣು ಕೊರತೆಯನ್ನು ಕಾಣುವಂತೆಯೇ ಅತಿರೇಕವನ್ನೂ ಕಾಣುತ್ತದೆ. 2024ರ ಆಗಸ್ಟಿನಲ್ಲಿ ಬೆಂಗಳೂರಿನ ಪರಪ್ಪನ ಅಗ್ರಹಾರ ಸೆರೆಮನೆಯ ಹೆಸರಾಂತ ವಿಚಾರಣಾಧೀನರೊಬ್ಬರು ಹುಲ್ಲುಹಾಸಿನ ಮೇಲೆ ಕುರ್ಚಿ ಹಾಕಿಕೊಂಡು ಕಾಫಿ ಬಟ್ಟಲು ಹಿಡಿದ ಭಾವಚಿತ್ರ ಹೊರಬಿದ್ದಾಗ ನಾಡೆಲ್ಲ ಬೆರಗಾಯಿತು, ಅಧಿಕಾರಿಗಳು ಅಮಾನತಾದರು. ಆ ಚಿತ್ರ ನಮಗೆ ದೊರೆತುದು ಒಳಗೆ ಇರಲೇಬಾರದ ಮೊಬೈಲೊಂದರಿಂದ! ಕಾನೂನುಬದ್ಧ ಸಂದರ್ಶಕನು ಹೇಳಬೇಕಾದುದನ್ನು ಕಾನೂನುಬಾಹಿರವಾದ ಕ್ಯಾಮೆರಾ ಹೇಳಿತು. ಹಣವಂತನಿಗೆ ಕುರ್ಚಿ ಸಿಕ್ಕುವುದೂ ಬಡವನಿಗೆ ಮಲಗಲು ಸ್ಥಳ ಸಿಕ್ಕದಿರುವುದೂ ಒಂದೇ ಕತ್ತಲೆಯ ಎರಡು ಮುಖಗಳು.

ನೋಡುವ ಸಂಸ್ಥೆಗಳ ನಡತೆಯ ಬಗ್ಗೆಯೂ ಒಂದು ಮಾತು ಹೇಳದಿದ್ದರೆ ನಿಷ್ಪಕ್ಷಪಾತವಾಗದು. ತಮ್ಮ ವಿಚಾರದ ಪ್ರಸಿದ್ಧರು ಬಂಧಿತರಾದಾಗ ನ್ಯಾಯಾಲಯದ ಅಂಗಳ ತುಂಬಿಸುವವರು, ವಿರೋಧಿ ವಿಚಾರದವನು ಬಂಧಿತನಾದಾಗ, ಅಥವಾ ಯಾವ ವಿಚಾರವೂ ಇಲ್ಲದ ಜೇಬುಗಳ್ಳನು ಬಂಧಿತನಾದಾಗ, ಕಾಣಸಿಗುವುದಿಲ್ಲ. ವರದಿಯ ಹೆಸರಿನಲ್ಲಿ ಭಾಷಣ ಬರೆಯುವವರೂ ಇದ್ದಾರೆ. ವೀಕ್ಷಣೆಗೆ ಒಂದು ವ್ರತನಿಷ್ಠೆ ಬೇಕು: ವಾಯಿದೆಯ ಪ್ರತಿ ದಿನವೂ ಹೋಗಿ ಕೊನೆಯವರೆಗೆ ಕುಳಿತಿರುವುದು, ಕಂಡಷ್ಟನ್ನೇ ಬರೆಯುವುದು, ತೀರ್ಪನ್ನು ಊಹಿಸದಿರುವುದು, ಚೆನ್ನಾಗಿ ನಡೆದುದನ್ನೂ ದಾಖಲಿಸುವುದು. ಇದು ಪ್ರಶಸ್ತಿ ತರುವ ಕೆಲಸವಲ್ಲ. ಬೆಂಗಳೂರು, ಮೈಸೂರು, ಧಾರವಾಡಗಳ ಕಾನೂನು ವಿದ್ಯಾರ್ಥಿಗಳು ವಾರಕ್ಕೊಂದು ಮಧ್ಯಾಹ್ನ ರಿಮ್ಯಾಂಡ್ ನ್ಯಾಯಾಲಯದಲ್ಲಿ ಹೀಗೆ ಕುಳಿತು ಬರೆದರೆ, ಅಣಕು ನ್ಯಾಯಾಲಯಗಳಲ್ಲಿ ಗೆದ್ದ ಬಟ್ಟಲುಗಳಿಗಿಂತ ಹೆಚ್ಚಿನದನ್ನು ಗಳಿಸಿಯಾರು.

ಬಹುಜನರಿಗೆ ಕೂಡಲೆ ಪ್ರಯೋಜನವಾಗಬಲ್ಲ ಕಾರ್ಯವಂತೂ ಸಾಮಾನ್ಯ ಗಣಿತದ್ದು. ಹೊಸ ಸಂಹಿತೆಯ 479ನೆಯ ಕಲಮಿನಂತೆ, ಮರಣ ಅಥವಾ ಆಜೀವ ಶಿಕ್ಷೆಯ ಅಪರಾಧಗಳನ್ನು ಬಿಟ್ಟು ಉಳಿದವುಗಳಲ್ಲಿ, ಗರಿಷ್ಠ ಶಿಕ್ಷೆಯ ಅರ್ಧದಷ್ಟು ಕಾಲ ಒಳಗಿದ್ದ ವಿಚಾರಣಾಧೀನನು ಜಾಮೀನಿಗೆ ಪಾತ್ರ. ಹಿಂದೆಂದೂ ಶಿಕ್ಷೆಯಾಗದ ಮೊದಲ ಸಲದವನಾದರೆ ಮೂರನೆಯ ಒಂದು ಪಾಲು ಸಾಕು. ಅವನ ಮೇಲೆ ಬೇರೆ ಪ್ರಕರಣಗಳೂ ಇದ್ದರೆ ಈ ಸೌಲಭ್ಯವಿಲ್ಲ. ಕಾಲ ತುಂಬಿದೊಡನೆ ನ್ಯಾಯಾಲಯಕ್ಕೆ ಬರೆದು ತಿಳಿಸುವ ಹೊಣೆ ಅಧೀಕ್ಷಕರದು. ಸಂಹಿತೆ ಜಾರಿಗೆ ಬರುವ ಮೊದಲಿನ ಪ್ರಕರಣಗಳಿಗೂ ಇದು ಅನ್ವಯಿಸುತ್ತದೆಂದು 2024ರ ಆಗಸ್ಟಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಸ್ಪಷ್ಟಪಡಿಸಿದೆ. ಜಿಲ್ಲಾ ನ್ಯಾಯಾಧೀಶರ ಅಧ್ಯಕ್ಷತೆಯ ವಿಚಾರಣಾಧೀನರ ಪರಿಶೀಲನಾ ಸಮಿತಿಯೂ ಜಿಲ್ಲೆಗೊಂದು ಇದೆ. ಒಳಬಂದ ತಾರೀಕು, ಹಾಕಿದ ಕಲಮು, ಅದರ ಗರಿಷ್ಠ ಶಿಕ್ಷೆ, ಇವಿಷ್ಟನ್ನು ಓದಬಲ್ಲ ನಿವೃತ್ತ ಶಿಕ್ಷಕನೊಬ್ಬನೋ ಬ್ಯಾಂಕಿನ ನೌಕರಳೊಬ್ಬಳೋ ಸಂದರ್ಶಕ ಸ್ಥಾನದಲ್ಲಿದ್ದರೆ, ಅರ್ಧ ದಿನದಲ್ಲಿ ಒಂದು ಪಟ್ಟಿ ತಯಾರಿಸಿ ಆ ಸಮಿತಿಯ ಮುಂದಿಡಬಹುದು. ಕಾನೂನಿನ ಪಾಂಡಿತ್ಯವೇನೂ ಇದಕ್ಕೆ ಬೇಡ.

ಆದುದರಿಂದ ರಾಜ್ಯ ಸರ್ಕಾರವು ಮೊದಲು ಮಾಡತಕ್ಕದ್ದು ಒಂದು ಜಿಲ್ಲಾವಾರು ಪಟ್ಟಿಯ ಪ್ರಕಟಣೆ: ಯಾವ ಸೆರೆಮನೆಗೆ ಅನಧಿಕೃತ ಸಂದರ್ಶಕರು ಯಾರು, ನೇಮಕವಾದುದು ಎಂದು, ಕಳೆದ ವರ್ಷದಲ್ಲಿ ಒಳಹೋದುದು ಎಷ್ಟು ಬಾರಿ, ಅವರು ಬರೆದುದಕ್ಕೆ ಇಲಾಖೆ ಕೊಟ್ಟ ಉತ್ತರವೇನು. ಬಂದಿಗಳ ಹೆಸರುಗಳನ್ನು ಮರೆಮಾಡಿ ಉಳಿದುದೆಲ್ಲವನ್ನೂ ಜನ ಓದುವಂತಾಗಲಿ. ಹೆಸರಿಲ್ಲದ ಸ್ಥಾನಗಳಿಗೆ ಬಹಿರಂಗವಾಗಿ ಅರ್ಜಿ ಕರೆಯಲಿ. ಯಾವ ಪಕ್ಷದ ಪದಾಧಿಕಾರಿಯೂ ಅರ್ಹನಲ್ಲವೆಂದು ನಿಯಮಿಸಲಿ. ಮುಂಚಿತವಾಗಿ ತಿಳಿಸದೆ ಹೋಗುವ ಹಕ್ಕನ್ನೂ, ವಾರ್ಡರಿನ ಕಿವಿಗೆ ಬೀಳದಂತೆ ಬಂದಿಯೊಡನೆ ಮಾತನಾಡುವ ಹಕ್ಕನ್ನೂ ನೇಮಕಪತ್ರದಲ್ಲಿಯೇ ಬರೆದು ಕೊಡಲಿ. ಠಾಣೆಗಳ ವಿಷಯದಲ್ಲಿ 2015ರಲ್ಲಿ ನ್ಯಾಯಾಲಯ ಸೂಚಿಸಿದ ಪರಿಶೀಲನೆ ಕರ್ನಾಟಕದಲ್ಲಿ ಎಲ್ಲಿಗೆ ಬಂದಿದೆಯೆಂಬುದನ್ನು ಗೃಹಮಂತ್ರಿಗಳು ವಿಧಾನಮಂಡಲದ ಮುಂದಿನ ಅಧಿವೇಶನದಲ್ಲಿ ಹೇಳಲಿ.